ಎರಡು ರಾತ್ರಿ, ಎರಡು ಬಗೆಯ ನೋವು: ದಿನ ತುಂಬಿದ ಚೊಚ್ಚಲ ಬಸುರಿಯೊಬ್ಬಳ ಪ್ರಕರಣ

ಚೊಚ್ಚಲ ಬಸುರಿ, ವಯಸ್ಸು 25. ಒಂದೇ ಮಗು, ತಲೆ ಕೆಳಗಿದೆ. ಮೊದಲ ಮೂರು ತಿಂಗಳೊಳಗೆ ಮಾಡಿಸಿದ ಸ್ಕ್ಯಾನಿನ ಲೆಕ್ಕದಲ್ಲಿ 38 ವಾರ 1 ದಿನ. ರಕ್ತದೊತ್ತಡ, ಸಕ್ಕರೆ ಸರಿಯಿವೆ. ಹಿಮೋಗ್ಲೋಬಿನ್ 10.8 ಇದ್ದು ಕಬ್ಬಿಣದ ಮಾತ್ರೆ ನಡೆದಿದೆ. ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ತವರು ಮಲೆನಾಡಿನ ಒಳಗಿನ ಒಂದು ಊರು. ತಾಲ್ಲೂಕು ಆಸ್ಪತ್ರೆ 34 ಕಿಲೋಮೀಟರ್ ದೂರ, ಮಳೆಗಾಲದ ರಾತ್ರಿಯಲ್ಲಿ ಒಂದೂಕಾಲು ಗಂಟೆಯ ದಾರಿ. ಇದು ಯಾರೋ ಒಬ್ಬರ ಕಡತವಲ್ಲ. ಇಂಥ ಮನೆಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ಬಸುರಿಯ ಎರಡು ರಾತ್ರಿಗಳಲ್ಲಿ, ಒಂದು ಹುಸಿ ನೋವಿನದು, ಇನ್ನೊಂದು ನಿಜವಾದ ಹೆರಿಗೆ ನೋವಿನದು, ಕೂಡಿಸಿ ಬರೆದ ಪ್ರಕರಣ. ಗಂಟೆ, ನಿಮಿಷಗಳನ್ನು ಕೊಟ್ಟಿರುವುದು ಓದುವವರು ತಮ್ಮ ಮನೆಯಲ್ಲೂ ಹೀಗೇ ಬರೆದುಕೊಳ್ಳಲಿ ಎಂದು.

ಮೊದಲ ರಾತ್ರಿ

ಅಂದು ಹಗಲೆಲ್ಲ ನೆಂಟರ ಮನೆಯ ಗೃಹಪ್ರವೇಶ. ಹೆಚ್ಚು ಹೊತ್ತು ನಿಂತೇ ಇದ್ದಳು. ಶೌಚಾಲಯಕ್ಕೆ ಹೋಗುವ ಮುಜುಗರಕ್ಕೆ ನೀರು ಕುಡಿದದ್ದು ಕಡಿಮೆ, ಸಂಜೆ ಮೂತ್ರ ಗಾಢ ಹಳದಿಯಾಗಿತ್ತು. ರಾತ್ರಿ ಒಂಬತ್ತು ದಾಟುತ್ತಿದ್ದಂತೆ ಹೊಟ್ಟೆ ಗಟ್ಟಿಯಾಗಿ ಬಿಗಿದು, ಸ್ವಲ್ಪ ಹೊತ್ತಿಗೆ ಸಡಿಲವಾಗತೊಡಗಿತು. ಹತ್ತು ಗಂಟೆಗೆ ಮನೆಯವರೆಲ್ಲ ಎದ್ದು ನಿಂತಿದ್ದರು, ಬ್ಯಾಗು ಬಾಗಿಲ ಬಳಿ ಬಂದಿತ್ತು. "ಆರು ನಿಮಿಷಕ್ಕೊಂದು ನೋವು ಬರುತ್ತಿದೆ" ಎಂದು ಆಶಾ ಕಾರ್ಯಕರ್ತೆಗೆ ಫೋನ್ ಹೋಯಿತು.

ಆಶಾ ಬಂದು ಮೊದಲು ಕೇಳಿದ್ದು ನೋವು ಎಷ್ಟಿದೆ ಎಂದಲ್ಲ. ನೀರು ಹೋಗಿದೆಯೇ, ರಕ್ತ ಕಂಡಿದೆಯೇ, ಮಗು ಮಾಮೂಲಿನಂತೆ ಆಡುತ್ತಿದೆಯೇ, ತಲೆನೋವು ಅಥವಾ ಕಣ್ಣು ಮಂಜು ಇದೆಯೇ, ಜ್ವರ ಇದೆಯೇ, ನೋವಿನ ನಡುವೆ ಹೊಟ್ಟೆ ಪೂರ್ತಿ ಮೆತ್ತಗಾಗುತ್ತಿದೆಯೇ ಎಂದು ಕೇಳಿದರು. ಈ ಆರರಲ್ಲಿ ಒಂದಕ್ಕೆ ತಪ್ಪು ಉತ್ತರ ಬಂದರೂ ಗಡಿಯಾರ ನೋಡುತ್ತ ಕೂರುವಂತಿಲ್ಲ, ನೇರ ಆಸ್ಪತ್ರೆಗೆ ಹೊರಡಬೇಕು. ಎಲ್ಲಕ್ಕೂ ಸರಿಯಾದ ಉತ್ತರ ಬಂದಮೇಲೇ ಅವರು ಕಾಗದ ತೆಗೆದದ್ದು. ಈ ಕ್ರಮ ತಿರುವುಮುರುವಾಗಬಾರದು. ನಿಮಿಷ ಎಣಿಸುವುದರಲ್ಲಿ ಮುಳುಗಿದ ಮನೆಯಲ್ಲಿ, ಮಗು ಮಧ್ಯಾಹ್ನದಿಂದ ಅಲುಗಿಲ್ಲ ಎಂಬುದನ್ನು ಯಾರೂ ಕೇಳದೇ ಇರುವುದುಂಟು.

ಮನೆಯವರು ಫೋನಿನಲ್ಲಿ ಗುರುತು ಹಾಕಿಕೊಂಡಿದ್ದ ವೇಳೆ ಹೀಗಿತ್ತು: 9.10, 9.18, 9.40, 9.46, 10.05, 10.16. ನೋವು ಇದ್ದ ಹೊತ್ತು ಕ್ರಮವಾಗಿ 25, 40, 20, 50, 30, 25 ಸೆಕೆಂಡು. ನಡುವಿನ ಅಂತರ 8, 22, 6, 19, 11 ನಿಮಿಷ. ಗಾಬರಿಯಾದ ಮನಸ್ಸು ಇವುಗಳಲ್ಲಿ ಅತಿ ಚಿಕ್ಕ ಅಂತರವನ್ನೇ ಹಿಡಿದುಕೊಂಡು "ಆರು ನಿಮಿಷಕ್ಕೊಂದು" ಎಂದುಬಿಡುತ್ತದೆ. ಸಾಲಾಗಿ ಬರೆದರೆ ಮಾತ್ರ ಅದರ ಹಿಂದೆ 22 ಇದೆ, ಮುಂದೆ 19 ಇದೆ ಎಂಬುದು ಕಾಣುತ್ತದೆ. ಅಂತರ ಕಿರಿದಾಗುತ್ತ ಹೋಗಿಲ್ಲ, ನೋವಿನ ಅವಧಿಯೂ ಬೆಳೆದಿಲ್ಲ. ನಾಲ್ಕನೆಯದು 50 ಸೆಕೆಂಡು ಇತ್ತಾದರೂ ಮುಂದಿನವು ಮತ್ತೆ 30, 25ಕ್ಕೆ ಇಳಿದವು.

ಎಣಿಕೆಯಲ್ಲಿ ಮೂರು ತಪ್ಪುಗಳು ಎಲ್ಲ ಕಡೆಯೂ ಆಗುತ್ತವೆ. ಒಂದು ನೋವು ಮುಗಿದಲ್ಲಿಂದ ಮುಂದಿನದು ಶುರುವಾಗುವವರೆಗೆ ಎಣಿಸುವುದು ಮೊದಲನೆಯದು. ಅಂತರವನ್ನು ಎಣಿಸಬೇಕಾದದ್ದು ಒಂದರ ಆರಂಭದಿಂದ ಮುಂದಿನದರ ಆರಂಭಕ್ಕೆ. ಜೋರಾಗಿ ನೊಂದವನ್ನಷ್ಟೇ ಬರೆದು ಸಣ್ಣ ಬಿಗಿತಗಳನ್ನು ಬಿಟ್ಟುಬಿಡುವುದು ಎರಡನೆಯದು. ಹೀಗೆ ಮಾಡಿದರೆ ಅಡ್ಡಾದಿಡ್ಡಿ ಬರುತ್ತಿರುವ ನೋವೂ ಕ್ರಮಬದ್ಧವಾಗಿ ಕಂಡೀತು. ಮೂರನೆಯದು, ಎರಡು ಮೂರು ನೋವು ನೋಡಿ ತೀರ್ಮಾನಕ್ಕೆ ಬರುವುದು. ಒಂದು ಗಂಟೆಯ ದಾಖಲೆಯಿಲ್ಲದೆ ಏನೂ ಹೇಳಲಾಗದು. ಮೊಬೈಲ್ ಆ್ಯಪುಗಳು ಲೆಕ್ಕವನ್ನೇನೋ ಸರಿಯಾಗಿ ಇಡುತ್ತವೆ, ಆದರೆ ನಾವು ತಪ್ಪಾಗಿ ಒತ್ತಿದರೆ ತಪ್ಪನ್ನೇ ಕೂಡಿಸಿ "ಆಸ್ಪತ್ರೆಗೆ ಹೊರಡಿ" ಎನ್ನುತ್ತವೆ.

ಬಸುರಿಯ ಮಾತನ್ನಷ್ಟೇ ನೆಚ್ಚದೆ ಆಶಾ ಹೊಟ್ಟೆಯ ಮೇಲೂ ಕೈಯಿಟ್ಟು ನೋಡಿದರು. ಇದು ಯಾರಿಗೂ ಬರುವ ಕೆಲಸ. ಬೆರಳುಗಳನ್ನು ಚಪ್ಪಟೆಯಾಗಿ, ಗರ್ಭಕೋಶದ ಮೇಲ್ತುದಿಯಲ್ಲಿ, ಅಂದರೆ ಪಕ್ಕೆಲುಬಿನ ಕೆಳಗೆ ಇಡಬೇಕು. ಒತ್ತಬಾರದು, ಉಜ್ಜಬಾರದು. ಉಜ್ಜಿದರೆ ಸ್ನಾಯು ಕೆರಳಿ ಮತ್ತಷ್ಟು ಬಿಗಿಯುತ್ತದೆ. ಬಿಗಿತ ಏರಿ ಇಳಿಯುವ ತನಕ ಕೈ ತೆಗೆಯಬಾರದು. ಬಿಗಿತ ಎಷ್ಟು ಗಟ್ಟಿ ಎಂಬುದನ್ನು ಅಳೆಯಲು ದಾದಿಯರು ಬಳಸುವ ಹಳೆಯ ಅಳತೆಯೊಂದಿದೆ: ಮುಟ್ಟಿದರೆ ಕೆನ್ನೆಯಷ್ಟು ಮೆತ್ತಗಿದ್ದರೆ ಸಡಿಲ, ಮೂಗಿನ ತುದಿಯಷ್ಟಿದ್ದರೆ ಸಾಧಾರಣ, ಹಣೆಯಷ್ಟಿದ್ದರೆ ಜೋರು. ಅಂದು ಸಿಕ್ಕಿದ್ದು ಮೂಗಿನ ತುದಿ. ಬಿಗಿತ ಒಮ್ಮೆ ಎಡಕ್ಕೆ, ಒಮ್ಮೆ ಕೆಳಹೊಟ್ಟೆಗೆ, ಹೀಗೆ ಜಾಗ ಬದಲಿಸುತ್ತಿತ್ತು. ನಿಜವಾದ ಹೆರಿಗೆಯ ಬಿಗಿತ ಮೇಲ್ತುದಿಯಲ್ಲಿ ಹುಟ್ಟಿ ಕೆಳಗೆ ಹರಡುತ್ತದೆ, ಮೇಲ್ತುದಿಯಲ್ಲೇ ಅತಿ ಗಟ್ಟಿಯಾಗಿರುತ್ತದೆ. ಗರ್ಭಕಂಠವನ್ನು, ಅಂದರೆ ಗರ್ಭಕೋಶದ ಬಾಯಿಯನ್ನು, ಮೇಲಕ್ಕೆ ಎಳೆದು ತೆಳುವಾಗಿಸುವುದು ಆ ಎಳೆತವೇ.

ಮುಂದಿನದು ಪರೀಕ್ಷೆಯೂ ಹೌದು, ಚಿಕಿತ್ಸೆಯೂ ಹೌದು. ಮೊದಲು ಮೂತ್ರ ಮಾಡಿ ಬರಲು ಹೇಳಿದರು, ಏಕೆಂದರೆ ತುಂಬಿದ ಮೂತ್ರಕೋಶ ಪಕ್ಕದಲ್ಲೇ ಇರುವ ಗರ್ಭಕೋಶವನ್ನು ಕೆರಳಿಸುತ್ತದೆ. ಮೂತ್ರ ಮಾಡುವಾಗ ಉರಿ ಇದೆಯೇ ಎಂದೂ ಕೇಳಿದರು. ಸೋಂಕಿದ್ದರೆ ಬಿಗಿತ ಮತ್ತೆ ಮತ್ತೆ ಬರುತ್ತದೆ, ಅದು ಎಷ್ಟು ನೀರು ಕುಡಿದರೂ ಹೋಗದು. ಆಮೇಲೆ ನಿಧಾನಕ್ಕೆ ಎರಡು ದೊಡ್ಡ ಲೋಟ ನೀರು, ಒಂದು ಲೋಟ ರಾಗಿ ಅಂಬಲಿ. ಎಡಮಗ್ಗುಲಿಗೆ ಒಂದು ಗಂಟೆ ಮಲಗುವುದು. ನಿಂತೇ ಇದ್ದವಳಿಗೆ ಮಲಗು ಎನ್ನಬೇಕು, ಹಗಲಿಡೀ ಮಲಗಿದ್ದವಳಿಗೆ ಎದ್ದು ಹದಿನೈದು ನಿಮಿಷ ನಡೆ ಎನ್ನಬೇಕು. ಭಂಗಿ ಬದಲಾದಾಗ ನೋವು ಬದಲಾಗುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದದ್ದು.

ಈ ಹೊತ್ತಿಗೆ ಅಜ್ಜಿ ಜೀರಿಗೆ ಕಷಾಯ ತಂದಿದ್ದರು. ಹುಸಿ ನೋವಾದರೆ ಕಷಾಯಕ್ಕೆ ತಗ್ಗುತ್ತದೆ, ನಿಜವಾದರೆ ಏರುತ್ತದೆ ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ತಗ್ಗಿದರೆ ಅದಕ್ಕೆ ಬಿಸಿನೀರು, ವಿಶ್ರಾಂತಿ ಮತ್ತು ಕಳೆದ ಒಂದು ಗಂಟೆಯೇ ಬಹುಪಾಲು ಕಾರಣ. ಒಂದು ಲೋಟ ಕಷಾಯದಿಂದ ಕೇಡಿಲ್ಲ, ಅಜ್ಜಿಯ ಕೈಯಿಂದ ಅದನ್ನು ಕಿತ್ತುಕೊಳ್ಳುವ ಅಗತ್ಯವೂ ಇಲ್ಲ. ಹರಳೆಣ್ಣೆಯ ಮಾತು ಬಂದರೆ ಮಾತ್ರ ಖಡಾಖಂಡಿತವಾಗಿ ಬೇಡ ಎನ್ನಬೇಕು. ಅದು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ, ಭೇದಿಯಿಂದ ನೀರಿನಂಶ ಇಳಿಯುತ್ತದೆ. ನೀರು ಕಡಿಮೆಯಾಗಿಯೇ ಬಿಗಿತ ಬಂದವಳಿಗೆ ಅದು ಇನ್ನೊಂದು ಪೆಟ್ಟು. ನೋವಿನ ಮಾತ್ರೆಯ ವಿಷಯವೂ ಇಲ್ಲೇ ಬರುತ್ತದೆ. ಮನೆಯಲ್ಲಿ ಸೊಂಟನೋವಿಗೆಂದು ಇಟ್ಟ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊನೆಯ ತಿಂಗಳುಗಳಲ್ಲಿ ಕೊಡುವಂತಿಲ್ಲ. ಗರ್ಭದಲ್ಲಿ ತೆರೆದೇ ಇರಬೇಕಾದ, ಮಗುವಿನ ಹೃದಯದ ಪಕ್ಕದ ರಕ್ತನಾಳವೊಂದು ಅವುಗಳಿಂದ ಅಕಾಲದಲ್ಲಿ ಮುಚ್ಚಿಕೊಳ್ಳಬಹುದು.

10.20ರಿಂದ 11.20ರ ವರೆಗಿನ ಗಂಟೆಯಲ್ಲಿ ಎರಡೇ ಬಿಗಿತ ಬಂದವು, 10.41ಕ್ಕೆ ಒಂದು, 11.12ಕ್ಕೆ ಒಂದು. ಎರಡೂ 20 ಸೆಕೆಂಡು. ಎರಡನೆಯದರ ಹೊತ್ತಿಗೆ ಅವಳು ಅರೆನಿದ್ದೆಯಲ್ಲಿದ್ದಳು. ನಿದ್ದೆ ಬರುವಂತೆ ಬಿಡುವ ನೋವು ಹೆರಿಗೆಯನ್ನು ಮುಂದಕ್ಕೆ ಒಯ್ಯುತ್ತಿರುವ ಸಾಧ್ಯತೆ ಕಡಿಮೆ.

ಇಂಗ್ಲೆಂಡಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ ಈ ಬಿಗಿತಗಳನ್ನು ವಿವರಿಸಿದ್ದು 1872ರಲ್ಲಿ, ಹೆಸರೂ ಅವರದ್ದೇ ಉಳಿಯಿತು. ಗರ್ಭಕೋಶ ಬಸುರಿನುದ್ದಕ್ಕೂ ಹೀಗೆ ಆಗಾಗ ಬಿಗಿಯುತ್ತಲೇ ಇರುತ್ತದೆ, ಕೊನೆಯ ವಾರಗಳಲ್ಲಿ ಅದು ಹೆಚ್ಚಾಗಿ ಅರಿವಿಗೆ ಬರುತ್ತದೆ. ಆಗ ಸ್ನಾಯುಕೋಶಗಳು ಇನ್ನೂ ಒಂದಕ್ಕೊಂದು ಪೂರ್ತಿ ಬೆಸೆದುಕೊಂಡಿರುವುದಿಲ್ಲ, ಹಾಗಾಗಿ ಒಂದು ಭಾಗ ಬಿಗಿದರೆ ಇನ್ನೊಂದು ಸುಮ್ಮನಿರುತ್ತದೆ. ಹೆರಿಗೆ ಹತ್ತಿರವಾದಂತೆ ಕೋಶಗಳ ನಡುವೆ ಸಂಪರ್ಕ ಕೂಡಿ, ಗರ್ಭಕೋಶವನ್ನು ಬಿಗಿಸುವ ಹಾರ್ಮೋನಾದ ಆಕ್ಸಿಟೋಸಿನ್‌ಗೆ ಸ್ಪಂದಿಸುವ ಶಕ್ತಿ ಹೆಚ್ಚಿ, ಇಡೀ ಗರ್ಭಕೋಶ ಒಟ್ಟಿಗೆ ಬಿಗಿಯತೊಡಗುತ್ತದೆ.

ಮರುದಿನದ ತಪಾಸಣೆ ಮತ್ತು ಒಂದು ಕಲೆ

ಮರುದಿನ ಆಸ್ಪತ್ರೆಗೆ ತೋರಿಸಲು ಹೋದಾಗ ರಕ್ತದೊತ್ತಡ 118/76, ಮಗುವಿನ ಎದೆಬಡಿತ ನಿಮಿಷಕ್ಕೆ 144 (110ರಿಂದ 160 ಸಹಜ). ಮೂತ್ರದಲ್ಲಿ ಸೋಂಕಿಲ್ಲ. ಒಳಪರೀಕ್ಷೆಯಲ್ಲಿ ಗರ್ಭಕಂಠ ಉದ್ದವಾಗಿಯೇ ಇತ್ತು, ದಪ್ಪವಾಗಿತ್ತು, ಬೆರಳತುದಿ ಮಾತ್ರ ಹೋಗುತ್ತಿತ್ತು. ರಾತ್ರಿಯ ನೋವು ಗರ್ಭಕಂಠವನ್ನು ಬದಲಿಸಿಲ್ಲ ಎಂದಾಯಿತು. ಹೆರಿಗೆ ಶುರುವಾಗಿದೆಯೇ ಎಂಬುದಕ್ಕೆ ಕೊನೆಯ ಸಾಕ್ಷಿ ಇದೇ, ನೋವಿನ ಜೋರಲ್ಲ.

ಆದರೆ ಒಂದೇ ಪರೀಕ್ಷೆಯ ಸಂಖ್ಯೆಯನ್ನೂ ಹೆಚ್ಚು ನಂಬಬಾರದು. ಈಗಾಗಲೇ ಹೆತ್ತವರಲ್ಲಿ ಕೊನೆಯ ವಾರಗಳಲ್ಲಿ ಗರ್ಭಕಂಠ ಒಂದೆರಡು ಸೆಂಟಿಮೀಟರ್ ತೆರೆದೇ ಇರಬಹುದು, ನೋವೇ ಇಲ್ಲದೆ ದಿನಗಟ್ಟಲೆ ಹಾಗೆಯೇ ಇರಬಹುದು. "ಎರಡು ಸೆಂಟಿಮೀಟರ್ ತೆರೆದಿದೆ, ಇವತ್ತೇ ಹೆರಿಗೆ" ಎಂದು ಮನೆಮಂದಿ ಹೊರಡುವುದು ಇದರಿಂದಲೇ. ಅನುಮಾನವಿದ್ದರೆ ಎರಡರಿಂದ ನಾಲ್ಕು ಗಂಟೆ ಬಿಟ್ಟು, ಆದಷ್ಟೂ ಅದೇ ಕೈ ಮತ್ತೆ ನೋಡಿ, ಏನಾದರೂ ಬದಲಾಗಿದೆಯೇ ಎಂದು ಹೇಳಬೇಕು. ಚೊಚ್ಚಲಿನಲ್ಲಿ ಕಂಠ ಮೊದಲು ತೆಳುವಾಗಿ ಆಮೇಲೆ ತೆರೆಯುತ್ತದೆ, ಮುಂದಿನ ಹೆರಿಗೆಗಳಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ.

ಸಂಜೆ ಒಳಉಡುಪಿನಲ್ಲಿ ಕಂದು ಛಾಯೆಯ ಗುಲಾಬಿ ಕಲೆ ಕಂಡು ಮನೆಯಲ್ಲಿ ಮತ್ತೆ ಗಡಿಬಿಡಿ. ಒಳಪರೀಕ್ಷೆಯಾದ ಒಂದೆರಡು ದಿನ ಇಂಥ ಕಲೆ ಬರುವುದು ಸಾಮಾನ್ಯ, ಸಂಭೋಗದ ನಂತರವೂ ಬರುತ್ತದೆ. ಅದನ್ನು ಹೆರಿಗೆಯ ಮುನ್ಸೂಚನೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜವಾದ ಮುನ್ಸೂಚನೆಯಲ್ಲಿ ರಕ್ತದ ಎಳೆ ಬೆರೆತ ಅಂಟಂಟು ಲೋಳೆ ಗಟ್ಟಿಗಟ್ಟಿಯಾಗಿ ಬರುತ್ತದೆ. ಅದು ಬಂದಮೇಲೂ ಹೆರಿಗೆ ಅದೇ ದಿನ ಆಗಬೇಕೆಂದಿಲ್ಲ, ಕೆಲವು ದಿನ ಹಿಡಿಯಬಹುದು. ಪ್ಯಾಡ್ ನೆನೆಯುವಂತೆ ಕೆಂಪು ರಕ್ತ ಹರಿದರೆ ಅದು ಬೇರೆಯೇ ವಿಷಯ. ಮಾಸು (ಮಗುವಿಗೆ ತಾಯಿಯಿಂದ ಪೋಷಣೆ ಒದಗಿಸುವ ಅಂಗ) ಗರ್ಭಕೋಶದ ಗೋಡೆಯಿಂದ ಬಿಡುತ್ತಿರಬಹುದು ಅಥವಾ ಕೆಳಗೆ, ಗರ್ಭಕಂಠದ ಬಳಿ ಕೂತಿರಬಹುದು. ಆಗ ತಕ್ಷಣ ಹೊರಡಬೇಕು. ಮಾಸು ಎಲ್ಲಿದೆ ಎಂದು ಗೊತ್ತಿಲ್ಲದೆ ಯಾರೂ ಒಳಪರೀಕ್ಷೆ ಮಾಡಬಾರದು.

ಎಂಟು ದಿನಗಳ ನಂತರ

39 ವಾರ 2 ದಿನ. ರಾತ್ರಿ ಎರಡಕ್ಕೆ ಎಚ್ಚರವಾಯಿತು. ಈ ಬಾರಿ ನೋವು ಸೊಂಟದ ಹಿಂಭಾಗದಲ್ಲಿ ಎದ್ದು ಪಟ್ಟಿ ಸುತ್ತಿದಂತೆ ಮುಂದಕ್ಕೆ ಬರುತ್ತಿತ್ತು. ಎಲ್ಲರಿಗೂ ಹೀಗೆ ಬೆನ್ನಿನಿಂದಲೇ ಶುರುವಾಗುತ್ತದೆ ಎಂದಲ್ಲ. ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದರೆ ಹುಸಿ ನೋವಿನಲ್ಲೂ ಸೊಂಟ ಹಿಡಿಯುತ್ತದೆ. ಹಾಗಾಗಿ ಜಾಗವನ್ನು ನೋಡಿ ತೀರ್ಮಾನಿಸದೆ ಮತ್ತೆ ಕಾಗದ ತೆಗೆದರು:

2.05, 35 ಸೆಕೆಂಡು
2.17, 35
2.27, 40
2.37, 40
2.46, 45
2.54, 45
3.02, 50
3.09, 50

ಅಂತರ 12, 10, 10, 9, 8, 8, 7. ಎಲ್ಲೂ ಹಿಂದೆ ಸರಿದಿಲ್ಲ. ನಡುವೆ ಮೂತ್ರಕ್ಕೆ ಹೋಗಿ ಬಂದಳು, ನೀರು ಕುಡಿದಳು, ಮಗ್ಗುಲು ಬದಲಿಸಿದಳು. ಅಮ್ಮ ಬಚ್ಚಲಲ್ಲಿ ಕೂರಿಸಿ ಸೊಂಟಕ್ಕೆ ಬಿಸಿನೀರು ಹುಯ್ದರು. ಹಿತವೆನಿಸಿತು, ಆದರೆ ನೋವು ನಿಲ್ಲಲಿಲ್ಲ, ಅಂತರವೂ ಹೆಚ್ಚಲಿಲ್ಲ. ಬಿಸಿನೀರಿನ ಈ ಪದ್ಧತಿ ಒಳ್ಳೆಯದೇ. ಹಂಡೆಯ ನೀರು ಮೊಣಕೈಗೆ ಹಿತವಾಗುವಷ್ಟೇ ಬಿಸಿ ಇರಲಿ, ಜಾರುವ ಕಲ್ಲಿನ ಮೇಲೆ ನಿಲ್ಲಿಸದೆ ಕೂರಿಸಲಿ, ಬಾಗಿಲಿಗೆ ಚಿಲಕ ಬೇಡ, ಜೊತೆಗೆ ಒಬ್ಬರಿರಲಿ. ಹೊಗೆ, ಹಬೆ ತುಂಬಿದ ಬಚ್ಚಲಲ್ಲಿ ತಲೆಸುತ್ತಿ ಬಿದ್ದರೆ ಅದೇ ದೊಡ್ಡ ಅನಾಹುತ. 2.50ರ ಹೊತ್ತಿಗೆ ರಕ್ತದ ಎಳೆಯಿದ್ದ ಲೋಳೆ ಕಂಡಿತು. ಮೂರು ಗಂಟೆಯ ಹೊತ್ತಿಗೆ ನೋವು ಬಂದಾಗ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಗೋಡೆ ಹಿಡಿಯುತ್ತಿದ್ದಳು. ಕೈಯಿಟ್ಟಾಗ ಸಿಕ್ಕಿದ್ದು ಹಣೆ.

ಎಂದು ಹೊರಡಬೇಕು? ಚೊಚ್ಚಲಿಗೆ ಎಲ್ಲೆಡೆ ಹೇಳುವ ಸೂತ್ರ: ಐದು ನಿಮಿಷಕ್ಕೊಂದು ನೋವು, ಒಂದೊಂದು ಒಂದು ನಿಮಿಷ, ಹೀಗೆ ಒಂದು ಗಂಟೆ. ಆಸ್ಪತ್ರೆಯ ಪಕ್ಕದ ಬೀದಿಯಲ್ಲಿರುವವರಿಗೆ ಇದು ಸರಿ. ಒಂದೂಕಾಲು ಗಂಟೆಯ ಘಟ್ಟದ ದಾರಿ, ಮಳೆ, ಆಂಬುಲೆನ್ಸ್ ಬರುವ ತನಕದ ಕಾಯುವಿಕೆ ಎಲ್ಲ ಸೇರಿಸಿದರೆ ಸೂತ್ರ ತುಂಬುವವರೆಗೆ ಕೂರುವುದು ತಪ್ಪಾಗುತ್ತದೆ. ಇಲ್ಲಿ ಏಳೆಂಟು ನಿಮಿಷದ ಅಂತರದಲ್ಲಿ, ಕ್ರಮ ಖಚಿತವಾದ ಕೂಡಲೇ 108ಕ್ಕೆ ಕರೆ ಹೋಯಿತು. ಅದೇ ಸರಿಯಾದ ನಿರ್ಧಾರ. ಎರಡನೇ ಹೆರಿಗೆಯಾಗಿದ್ದರೆ ಹತ್ತು ನಿಮಿಷದ ಅಂತರದಲ್ಲೇ ಹೊರಡಬೇಕಿತ್ತು, ಏಕೆಂದರೆ ಆಗ ಕೊನೆಯ ಸೆಂಟಿಮೀಟರ್‌ಗಳು ಬಹಳ ಬೇಗ ಕಳೆಯುತ್ತವೆ. ಹಿಂದೆ ಸಿಸೇರಿಯನ್ ಆಗಿದ್ದರೆ ಎಣಿಸುವ ಪ್ರಶ್ನೆಯೇ ಇಲ್ಲ. ಹಳೆಯ ಹೊಲಿಗೆಯ ಜಾಗ ಬಿರಿಯುವ ಅಪಾಯವಿರುವುದರಿಂದ ಕ್ರಮವಾದ ನೋವು ಶುರುವಾಗಿದೆ ಎನಿಸಿದ ತಕ್ಷಣ ಹೊರಡಬೇಕು.

ಗಾಡಿಯಲ್ಲಿ ಅಂತರ ಮತ್ತೆ ಒಂಬತ್ತು ಹತ್ತು ನಿಮಿಷಕ್ಕೆ ಹೋಯಿತು. "ಮತ್ತೆ ಹುಸಿಯೇನೋ, ವಾಪಸ್ ಹೋಗೋಣವೇ" ಎಂದು ಅವಳೇ ಕೇಳಿದಳು. ಗಾಡಿಯ ಕುಲುಕಾಟ, ಕತ್ತಲು, ಭಯ ಇವೆಲ್ಲ ಸೇರಿದಾಗ ನೋವು ತುಸು ಹಿಂದೆ ಸರಿಯುವುದು ಸಾಮಾನ್ಯ. ಆಸ್ಪತ್ರೆಗೆ ಬಂದು ಅರ್ಧ ಗಂಟೆ ಕೂತರೆ ಮತ್ತೆ ಹಿಡಿತಕ್ಕೆ ಬರುತ್ತದೆ. ಒಮ್ಮೆ ಹುಸಿಯಾಯಿತೆಂದು ಎರಡನೇ ಸಲ ಹೋಗಲು ನಾಚುವುದು ನೋವಿಗಿಂತ ದೊಡ್ಡ ಅಪಾಯ. ಸುಮ್ಮನೆ ಬಂದಿರೆಂದು ಆಸ್ಪತ್ರೆಯಲ್ಲಿ ಗದರಿದರೆ, ಗದರಿದವರದೇ ತಪ್ಪು.

ಆಸ್ಪತ್ರೆಯಲ್ಲಿ 5.20ಕ್ಕೆ ನೋಡಿದಾಗ ಗರ್ಭಕಂಠ 3 ಸೆಂಟಿಮೀಟರ್ ತೆರೆದಿತ್ತು, ಬಹುಪಾಲು ತೆಳುವಾಗಿತ್ತು. ನೀರಿನ ಚೀಲ ಒಡೆದಿರಲಿಲ್ಲ. ಹತ್ತು ನಿಮಿಷಕ್ಕೆ ಮೂರು ನೋವು, ಎದೆಬಡಿತ 140. ಹೆರಿಗೆ ಶುರುವಾಗಿದೆ, ಆದರೆ ಇನ್ನೂ ಮೊದಲ ಹಂತದ ನಿಧಾನಗತಿಯ ಭಾಗದಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಚುರುಕಿನ ಹಂತ 5 ಸೆಂಟಿಮೀಟರ್‌ನಿಂದ ಎಂದು ಹೇಳಿದೆ. ಅಲ್ಲಿಯ ತನಕ ತಾಯಿ, ಮಗು ಚೆನ್ನಾಗಿದ್ದರೆ ನೋವು ಹೆಚ್ಚಿಸುವ ಔಷಧಿ ಕೊಡುವುದು ಬೇಡ ಎಂಬುದೂ ಅದರ ಸಲಹೆ. ಮನೆ ದೂರವಾದ್ದರಿಂದ ಅವಳನ್ನು ವಾರ್ಡಿನಲ್ಲಿ ಉಳಿಸಿಕೊಂಡರು. ನೋವು ಹೆಚ್ಚಿಸುವ ಔಷಧಿಯ ಡ್ರಿಪ್ ಹಾಕಲಿಲ್ಲ. ಇಡ್ಲಿ ತಿಂದಳು, ನೀರು ಕುಡಿದಳು, ಅಮ್ಮನ ಕೈಹಿಡಿದು ನಡೆದಾಡಿದಳು. 9.20ಕ್ಕೆ 5 ಸೆಂಟಿಮೀಟರ್. ಮಧ್ಯಾಹ್ನ 2.35ಕ್ಕೆ 2.9 ಕಿಲೋ ತೂಕದ ಹೆಣ್ಣುಮಗು ಹುಟ್ಟಿತು.

ಮೊದಲ ರಾತ್ರಿಯೇ ದಾಖಲಾಗಿದ್ದರೆ ಏನಾಗುತ್ತಿತ್ತು ಎಂದು ಕೇಳುವುದು ನ್ಯಾಯವೇ. ಏನೂ ಆಗದೆ ಬೆಳಿಗ್ಗೆ ಮನೆಗೆ ಕಳಿಸಿರಬಹುದು. ಆದರೆ ಕಿಕ್ಕಿರಿದ ಹೆರಿಗೆ ಕೋಣೆಯಲ್ಲಿ "ನೋವಿದೆ, ತೆರೆಯುತ್ತಿಲ್ಲ" ಎಂಬ ಎರಡು ಮಾತು ಸೇರಿದರೆ ಡ್ರಿಪ್ ಬರುತ್ತದೆ. ಹದವಾಗದ ಗರ್ಭಕಂಠದ ಮೇಲೆ ಡ್ರಿಪ್ಪಿನ ನೋವು ಬಿದ್ದರೆ ಮಗುವಿನ ಎದೆಬಡಿತ ಏರುಪೇರಾಗಬಹುದು, ಅಲ್ಲಿಂದ ಮುಂದೆ ಶಸ್ತ್ರಚಿಕಿತ್ಸೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ (2019–21) ಕರ್ನಾಟಕದ ಹೆರಿಗೆಗಳಲ್ಲಿ ಶೇ 97ರಷ್ಟು ಆಸ್ಪತ್ರೆಯಲ್ಲೇ ಆಗಿದ್ದವು, ಸಿಸೇರಿಯನ್ ಪ್ರಮಾಣ ಶೇ 31.5 ಇತ್ತು. ಇದರಲ್ಲಿ ಅಗತ್ಯವಾದವೂ ಬಹಳ ಇವೆ. ಹೆರಿಗೆಯೇ ಶುರುವಾಗದ ಹೊತ್ತಿನಲ್ಲಿ ಹೆರಿಗೆ ನಿಂತುಹೋಗಿದೆ ಎಂದು ಲೆಕ್ಕ ಹಾಕಿ ಮಾಡಿದ ಶಸ್ತ್ರಚಿಕಿತ್ಸೆ ಮಾತ್ರ ತಪ್ಪಿಸಬಹುದಾದದ್ದು.

ಇದೇ ಪ್ರಕರಣ 34 ವಾರದಲ್ಲಾಗಿದ್ದರೆ

ಆಗ ಮೇಲಿನ ತಾಳ್ಮೆಯೆಲ್ಲ ತಪ್ಪು ತಾಳ್ಮೆ. 37 ವಾರ ತುಂಬುವ ಮೊದಲು ಬಿಗಿತ ಗಂಟೆಗೆ ನಾಲ್ಕಾರು ಬಾರಿ ಬಂದರೆ, ನೋವು ಇಲ್ಲದಿದ್ದರೂ, ಫೋನಿನಲ್ಲಿ ಸಮಾಧಾನ ಹೇಳದೆ ತೋರಿಸಲೇಬೇಕು. ಅಕಾಲದ ಹೆರಿಗೆ ಜೋರಾಗಿ ಬಾಗಿಲು ತಟ್ಟುವುದಿಲ್ಲ. ತಿಂಗಳ ಮುಟ್ಟಿನಂಥ ಸೊಂಟನೋವು, ಕೆಳಗೆ ಭಾರ, ನೀರುನೀರಾದ ಬಿಳಿಸ್ರಾವ ಇಷ್ಟೇ ಇರಬಹುದು. ಬೇಗ ಬಂದರೆ ಆಗುವ ಉಪಕಾರ ದೊಡ್ಡದು. 24ರಿಂದ 34 ವಾರದೊಳಗೆ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಚುಚ್ಚುಮದ್ದನ್ನು 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಟ್ಟರೆ ಮಗುವಿನ ಶ್ವಾಸಕೋಶ ಬಲಿಯಲು ನೆರವಾಗುತ್ತದೆ. ಆ ಒಂದೂವರೆ ದಿನ ಸಿಗಬೇಕಾದರೆ ತಾಯಿ ಹೊತ್ತಿಗೆ ಮುಂಚೆ ಬರಬೇಕು.

ನೀರು ಹೋದರೆ ಯಾವ ವಾರದಲ್ಲಾದರೂ, ನೋವಿಲ್ಲದಿದ್ದರೂ, ಆಸ್ಪತ್ರೆ. ಮೂತ್ರವೋ ನೀರೋ ಎಂಬ ಅನುಮಾನಕ್ಕೆ ಮೂತ್ರ ಮಾಡಿ ಬಂದು ಒಣ ಪ್ಯಾಡ್ ಇಟ್ಟು ಅರ್ಧ ಗಂಟೆ ಮಲಗಿ ಎದ್ದು ನೋಡಬಹುದು. ಮೂತ್ರದ ವಾಸನೆಯಿಲ್ಲದೆ ಪ್ಯಾಡ್ ಮತ್ತೆ ನೆನೆದಿದ್ದರೆ ನೀರೆಂದೇ ತಿಳಿಯಬೇಕು. ಹಸಿರು ಬಣ್ಣವಿದ್ದರೆ ಈ ಅರ್ಧ ಗಂಟೆಯೂ ಬೇಡ. ಮಗು ಒಳಗೇ ಮಲ ಮಾಡಿದೆ ಎಂದರ್ಥ. ನೋವಿನ ನಡುವೆ ಸಡಿಲವಾಗದೆ ಹೊಟ್ಟೆ ಹಲಗೆಯಂತೆ ಬಿಗಿದೇ ಇದ್ದರೆ, ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಒಳಗೆ ಮಾಸು ಬಿಟ್ಟಿರಬಹುದು.

108ಕ್ಕೆ ಅಥವಾ ಆಸ್ಪತ್ರೆಗೆ ಫೋನ್ ಮಾಡುವವರು ತಾಯಿ ಕಾರ್ಡ್ ಕೈಯಲ್ಲಿ ಹಿಡಿದೇ ಮಾತಾಡಬೇಕು. ಎಷ್ಟನೇ ವಾರ, ಎಷ್ಟನೇ ಹೆರಿಗೆ, ಹಿಂದೆ ಸಿಸೇರಿಯನ್ ಆಗಿದೆಯೇ, ಕೊನೆಯ ಒಂದು ಗಂಟೆಯ ಅಂತರ ಮತ್ತು ಅವಧಿ, ನೀರು ಮತ್ತು ರಕ್ತ, ಮಗು ಕೊನೆಯದಾಗಿ ಆಡಿದ್ದು ಯಾವಾಗ, ಮನೆಗೆ ಬರುವ ದಾರಿಯ ಗುರುತು. ಇಷ್ಟನ್ನು ಒಂದು ನಿಮಿಷದಲ್ಲಿ ಹೇಳಬಹುದು. ಗಂಟೆ ಬರೆದ ಕಾಗದವನ್ನು ಕಾರ್ಡಿನೊಳಗೆ ಮಡಚಿಟ್ಟು ಜೊತೆಗೇ ಒಯ್ಯಬೇಕು. ಹೆರಿಗೆ ಕೋಣೆಯ ದಾದಿ ಮೊದಲು ಕೇಳುವುದು ನೋವು ಎಷ್ಟು ಹೊತ್ತಿಗೆ ಶುರುವಾಯಿತು ಎಂದು.